ಕೆಂಚನ ಬೆಲ್ಟು

ಕೆಂಚನಲ್ಲಿದ್ದ ಐಬು ಒಂದೇ, ಅವನಿಗೆ ಎಲ್ಲರೂ ಬೇಕು. ಸೂಜಿ ಚುಚ್ಚಿದವರ ಕೈಯನ್ನೇ ನೆಕ್ಕುವ ನಾಯಿ. ಚನ್ನರಾಯಪಟ್ಟಣದ ಬೈಪಾಸಿನಲ್ಲಿ ಯಾವುದೋ ಕಾರು ಅವನ ಹಿಂಗಾಲು ಮುರಿದು ಹೋದ ದಿನವೂ, ಎತ್ತಿಕೊಳ್ಳಲು ಬಂದವರಿಗೆ ಮಲಗಿದಲ್ಲಿಂದಲೇ ಬಾಲ ಆಡಿಸಿದ್ದನಂತೆ. ಹಾಸನದಲ್ಲಿ ಕಾಲು ಜೋಡಿಸಿ, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಸಾಲಗಾಮೆ ಕಡೆಯ ಒಂದು ಮನೆಯಲ್ಲಿ ಎರಡೂವರೆ ತಿಂಗಳು ಇಟ್ಟಿದ್ದೆವು.

ನಾವು ಅಂದರೆ ಮೂರು ಜನ. ಹಾಸನದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಮೇಡಂ ಗಾಯಗೊಂಡ ನಾಯಿಗಳನ್ನು ಹುಡುಕಿ ತಂದು ಔಷಧಿಯ ಖರ್ಚು ನೋಡಿಕೊಳ್ಳುತ್ತಾರೆ. ಸಾಲಗಾಮೆ ಹತ್ತಿರ ಹಿಟ್ಟಿನ ಗಿರಣಿ ನಡೆಸುವ ಅಕ್ಕ ಅವನ್ನು ತಮ್ಮ ಹಳೆಯ ಕೊಟ್ಟಿಗೆಯಲ್ಲಿ ಸಾಕುತ್ತಾರೆ. ಖಾಯಂ ಮನೆ ಸಿಗುವವರೆಗೆ ಹೀಗೆ ಸಾಕುವುದಕ್ಕೆ ಫಾಸ್ಟರ್ ಅನ್ನುತ್ತಾರೆ, ಆ ಮಾತು ಅವರ ಬಾಯಿಗೆ ಹತ್ತುವುದಿಲ್ಲ. ಯಾರಾದರೂ ಕೇಳಿದರೆ 'ಬಾಣಂತನಕ್ಕೆ ಬಂದವೆ' ಅನ್ನುತ್ತಾರೆ, ಗಂಡುನಾಯಿಯಾದರೂ ಅಷ್ಟೇ. ಮೂರನೆಯವಳು ನಾನು. ಪಶು ಇಲಾಖೆಯಲ್ಲಿ ಪರಿವೀಕ್ಷಕಿ, ಅರಕಲಗೂಡು ಕಡೆಯ ಹಳ್ಳಿಗಳು ನನ್ನ ಪಾಲಿಗೆ. ಜನ ಡಾಕ್ಟ್ರಮ್ಮ ಅನ್ನುತ್ತಾರೆ, ನಾನು ಡಾಕ್ಟರಲ್ಲ. ಮೊದಮೊದಲು ತಿದ್ದುತ್ತಿದ್ದೆ, ಈಗ ಸುಸ್ತಾಗಿ ಬಿಟ್ಟಿದ್ದೇನೆ.

ನಾಯಿಗೆ ಮನೆ ಹುಡುಕುವುದು, ಆ ಮನೆ ನೋಡಿ ಬರುವುದು, ಕಾಗದಪತ್ರ ನನ್ನ ಕೆಲಸ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಗೇಟಿದೆಯೇ, ವರ್ಷವರ್ಷ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುತ್ತೀರಾ ಎಂದೆಲ್ಲ ಕೇಳಿ ಬರೆದುಕೊಳ್ಳಲು ನಾನೇ ಒಂದು ಫಾರಂ ಮಾಡಿದ್ದೆ. ಅದರ ಕೊನೆಯ ಸಾಲು: 'ಬೆಲ್ಟು, ಬಿಲ್ಲೆ ಇದೆ.' ಪ್ರತಿ ನಾಯಿಗೂ ಒಂದು ನೈಲಾನ್ ಬೆಲ್ಟು, ಅದಕ್ಕೊಂದು ಸ್ಟೀಲಿನ ಬಿಲ್ಲೆ. ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ಬೀಗದ ಕೈ ಮಾಡಿಕೊಡುವವನ ಕೈಯಲ್ಲಿ ಬಿಲ್ಲೆಯ ಮೇಲೆ ನನ್ನ ಫೋನ್ ನಂಬರ್ ಕೊರೆಸುತ್ತಿದ್ದೆ. ಸಾಕುವವರು ಸಿಮ್ ಬದಲಿಸುತ್ತಾರೆ, ನನ್ನದು ಬದಲಾಗುವುದಿಲ್ಲ. ಎಷ್ಟೋ ಊರಿನ ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿರುವ ನಂಬರ್ ಅದು.

ಎರಡು ವರ್ಷದಲ್ಲಿ ಎಂಟು ನಾಯಿ ಕಳಿಸಿದ್ದೆವು. ಕಳೆದುಹೋದ ನಾಯಿ ಸಿಕ್ಕಿದೆ ಅಂತ ಒಂದು ಫೋನೂ ನನಗೆ ಬಂದಿರಲಿಲ್ಲ. ನಾನು ನೋಡಿ ಆರಿಸಿದ ಮನೆಗಳು ಅಂಥವು ಎಂದುಕೊಂಡಿದ್ದೆ. ಮೇಡಂ ಹತ್ತಿರ ಒಂದೆರಡು ಸಲ ಜಂಬ ಕೊಚ್ಚಿಕೊಂಡದ್ದೂ ಉಂಟು.

ಒಂಬತ್ತನೆಯವನಾದ ಕೆಂಚನಿಗೆ ಮನೆ ಸಿಗಲಿಲ್ಲ. ಹೊಳೆನರಸೀಪುರದ ಕಡೆಯ ರೈತರೊಬ್ಬರು ಪಂಪ್‌ಸೆಟ್ ಕಾಯಲು ನಾಯಿ ಬೇಕೆಂದು ನೋಡಲು ಬಂದರು. ಕೆಂಚ ಓಡಿಹೋಗಿ ಅವರ ಕಾಲಬುಡದಲ್ಲಿ ಅಂಗಾತ ಬಿದ್ದುಕೊಂಡು ಹೊಟ್ಟೆ ತೋರಿಸಿದ. ಅವರು ಒಂದು ನಿಮಿಷ ನೋಡಿ, "ಕಳ್ಳ ಬಂದ್ರೆ ಇದು ಮೋಟ್ರು ಇಲ್ಲಿ ಅದೆ ಬಾ ಅಂತ ಕರ್ಕಂಡೋಗಿ ತೋರುಸ್ಬುಡ್ತದೆ ಕಣವ್ವ" ಅಂದು ಕಾಫಿ ಕುಡಿದು ಹೊರಟರು. ಅರಕಲಗೂಡಿನ ಇನ್ನೊಂದು ಮನೆಯವರಿಗೆ ಅವನ ಕುಂಟು ಸರಿಬರಲಿಲ್ಲ. ಕೊನೆಗೆ ಒಪ್ಪಿದ್ದು ಚನ್ನರಾಯಪಟ್ಟಣದ ಒಬ್ಬ ಹೆಂಗಸು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸಕ್ಕೆ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಕ್ಕಳಿಲ್ಲ. ಮನೆ ನೋಡಲು ಹೋದಾಗ ಗಂಡ ನನ್ನೆದುರೇ, "ಇವಳ ಕೈಲಿ ಒಂದ್ ತುಳಸಿ ಗಿಡ ಉಳ್ಸಕ್ಕಾಗಿಲ್ಲ, ನಾಯಿ ಸಾಕ್ತಾಳಂತೆ" ಅಂದರು. ಆಕೆ ತಲೆ ಎತ್ತದೆ ಹೊಲಿಯುತ್ತಲೇ, "ಅದು ಬೊಗಳ್ದಿದ್ರೂ ಪರವಾಗಿಲ್ಲ ಡಾಕ್ಟ್ರಮ್ಮ, ಮನೇಲಿ ಒಂದ್ ಜೀವ ಓಡಾಡ್ಕಂಡಿದ್ರೆ ಸಾಕು" ಅಂದರು. ನಾನು ಫಾರಂ ತುಂಬಿಕೊಂಡೆ.

ಮಂಗಳವಾರ, ಶುಕ್ರವಾರ ಗಿರಣಿ ಅಕ್ಕ ಮನೆಯಿಂದ ಒಂದು ಹಿಡಿ ಉಪ್ಪನ್ನೂ ಆಚೆ ಕೊಡುವವರಲ್ಲ, ನಾಯಿಯನ್ನು ಕೊಡುವುದು ದೂರದ ಮಾತು. ಹಾಗಾಗಿ ಬುಧವಾರ ಕಳಿಸುವುದೆಂದು ನಿಗದಿಯಾಯಿತು. ಆಗ ಕಾಲುಬಾಯಿ ಜ್ವರದ ಲಸಿಕೆಯ ಸುತ್ತು ನಡೆಯುತ್ತಿತ್ತು. ದನ ಮೇಯಲು ಬಿಡುವ ಮೊದಲೇ ಹಳ್ಳಿಯಲ್ಲಿರಬೇಕು, ಒಂದೊಂದಕ್ಕೂ ಕುತ್ತಿಗೆಗೆ ಎರಡು ಎಂಎಲ್ ಚುಚ್ಚಿ, ದನದ ಕಿವಿಗೆ ಚುಚ್ಚಿದ ಪ್ಲಾಸ್ಟಿಕ್ ಓಲೆಯ ನಂಬರನ್ನು ಫೋನಿನಲ್ಲಿ ಹೊಡೆಯಬೇಕು. ನೆಟ್‌ವರ್ಕ್ ಸಿಗದ ಕಡೆ ನಂಬರ್ ಕೈಯ ಮೇಲೆ ಬರೆದುಕೊಂಡು ಬರುತ್ತಿದ್ದೆ. ಆ ಬುಧವಾರ ಸ್ಕೂಟರಿನಲ್ಲಿ ಲಸಿಕೆಯ ಡಬ್ಬಿ ಇಟ್ಟುಕೊಂಡೇ ಸಾಲಗಾಮೆಗೆ ಹೋದೆ. ಕೆಂಚನ ಕೊರಳಲ್ಲಿ ಕೆಂಪು ಬೆಲ್ಟು ಇತ್ತು, ಬಿಲ್ಲೆ ಹೊಳೆಯುತ್ತಿತ್ತು. ಫೋಟೊ ತೆಗೆದೆ, ಕರೆದುಕೊಂಡು ಹೋಗಲು ಬಂದಿದ್ದ ಆಕೆಯ ಗಂಡನ ಸಹಿ ಹಾಕಿಸಿದೆ, ಕೊನೆಯ ಸಾಲಿಗೆ ಗುರುತು ಹಾಕಿದೆ. ಲಸಿಕೆ ಡಬ್ಬಿಯ ಐಸ್ ಕರಗುತ್ತಿದೆ ಎಂದು, ಅವರು ಹೊರಡುವ ಮೊದಲೇ ನಾನು ಹೊರಟೆ. ಆ ಗಂಡ ಹೊಸ ಬಿಳಿ ಹಗ್ಗವೊಂದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದಿದ್ದರು. ನೋಡಿದೆ. ನೋಡಿಯೂ ಏನೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಆ ಗಂಡನ ಫೋನ್ ಬಂತು. ಹಿಂದಿನ ಸಂಜೆ ಅವರ ಬೀದಿಯಲ್ಲಿ ಸೊಸೈಟಿ ಎಲೆಕ್ಷನ್ ಗೆದ್ದವರು ಪಟಾಕಿ ಸರ ಹಚ್ಚಿದ್ದರು. ಕೆಂಚ ಹೆದರಿ ಎಳೆದಾಡಿದ್ದಾನೆ, ಹಗ್ಗದ ಕುಣಿಕೆ ತಲೆಯಿಂದ ಕಳಚಿಕೊಂಡಿದೆ, ಓಡಿಹೋಗಿದ್ದಾನೆ. "ಕಟ್ಟಾಕದ್ ಕಲೀದೋರು ನಾಯಿ ಸಾಕ್ಬಾರ್ದು ಸಾ... ಅಮ್ಮ" ಅಂದರು. ಕಟ್ಟಿದ್ದು ಹೆಂಡತಿ ಎಂದು ನನಗೆ ಅರ್ಥವಾಯಿತು. ನನ್ನ ಒಂದು ಕೈ ಹೋರಿಯೊಂದರ ಕುತ್ತಿಗೆಯ ಮೇಲಿತ್ತು. "ಗಾಬರಿಯಾಗಬೇಡಿ. ಯಾರಿಗಾದರೂ ಸಿಕ್ಕೇ ಸಿಗುತ್ತೆ, ನನಗೆ ಫೋನ್ ಮಾಡೇ ಮಾಡ್ತಾರೆ. ಕಾಯಿರಿ" ಅಂದೆ. ಅವರೂ ಸರಿ ಅಂದರು. ಇಲಾಖೆಯವಳಲ್ಲವೇ, ಊರೂರಲ್ಲಿ ಪರಿಚಯವಿದೆ, ಅದಕ್ಕೇ ಹೀಗೆ ಹೇಳುತ್ತಾಳೆ ಎಂದುಕೊಂಡರಂತೆ.

ಸೋಮವಾರ, ಮಂಗಳವಾರ ನನ್ನ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಲಸಿಕೆ ಹಾಕಿದ ಹಸು ಹಾಲು ಕಮ್ಮಿ ಕೊಟ್ಟಿದೆ, ಕರುವಿಗೆ ಜ್ವರ, ನಮ್ಮ ಬೀದಿಗೆ ಯಾಕೆ ಬರಲಿಲ್ಲ. ನಾಯಿಯ ಸುದ್ದಿ ಇಲ್ಲ. ಅಂಥ ಸ್ನೇಹದ ನಾಯಿ ಎರಡು ದಿನ ಯಾರ ಹತ್ತಿರವೂ ಹೋಗದೆ ಇರಲಾರ. ಬದುಕಿಲ್ಲ ಎಂದೇ ನನಗೆ ಅನ್ನಿಸತೊಡಗಿತು. ಬೈಪಾಸು ಅವರ ಮನೆಗೆ ದೂರವೇನಲ್ಲ.

ಬುಧವಾರ ಸಂಜೆ ಕೆಲಸ ಮುಗಿಸಿ, ಹಳೆಯ ಮನೆಗೇನಾದರೂ ವಾಪಸ್ ಬಂದಿದ್ದಾನೆಯೇ ನೋಡೋಣವೆಂದು ಸಾಲಗಾಮೆಗೆ ಹೋದೆ. ಅಷ್ಟು ದೂರ ಕುಂಟಿಕೊಂಡು ಬರುವುದು ಆಗದ ಮಾತು, ಆದರೂ ಹೋದೆ. ಗಿರಣಿ ನಿಂತಿತ್ತು. ಅಕ್ಕ ಕೊಟ್ಟಿಗೆ ಗುಡಿಸುತ್ತಿದ್ದರು. ಯಾವಾಗಲೂ ಅಂಗಳದಲ್ಲೇ ಕೆಲಸ ಮುಗಿಸಿ ಹೊರಡುತ್ತಿದ್ದ ನಾನು ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಗೋಡೆಯ ಗೂಟದ ಮೇಲೆ ಕೆಂಚನ ಕೆಂಪು ಬೆಲ್ಟು ನೇತಾಡುತ್ತಿತ್ತು. ಅದರ ಹಿಂದೆ ಹಸಿರು, ನೀಲಿ, ಮತ್ತೆ ಕೆಂಪು. ಎಣಿಸಿದೆ. ಒಂಬತ್ತು. ಒಂಬತ್ತರಲ್ಲೂ ಬಿಲ್ಲೆ, ಬಿಲ್ಲೆಯಲ್ಲಿ ನನ್ನ ನಂಬರ್.

"ಇದೇನಕ್ಕ ಇದು?"

"ಏನು? ಅವುಗಳ್ದೇ ಬೆಲ್ಟು" ಅಂದರು, ಗುಡಿಸುತ್ತಲೇ.

"ಇಲ್ಯಾಕಿವೆ? ನಾಯಿ ಕೊರಳಲ್ಲಿ ಇರಬೇಕಲ್ವಾ ಇವು?"

ಅವರು ಪೊರಕೆ ಇಟ್ಟು ನನ್ನನ್ನು ವಿಚಿತ್ರವಾಗಿ ನೋಡಿದರು. "ಸಾಕಿದ್ ಮನೆ ಕಣ್ಣಿ ಯಾರಾದ್ರೂ ಕೊಟ್ಟು ಕಳಿಸ್ತಾರಾ ಡಾಕ್ಟ್ರಮ್ಮ? ಕಣ್ಣಿ ಓಗ್ಬುಟ್ರೆ ಕೊಟ್ಗೆ ಬರಿದಾಯ್ತದೆ. ಕರ್ಕಂಡೋಗೋರು ಅವರವರ ಹಗ್ಗ ತತ್ತಾರೆ. ಇದ್ ನಿಮಗ್ ಗೊತ್ತಿಲ್ವಾ?"

ಗೊತ್ತಿತ್ತು. ನಮ್ಮ ತಾತ ಹಸು ಮಾರಿದಾಗಲೆಲ್ಲ ಕೊರಳಿಗೆ ಕಟ್ಟಿದ ಕಣ್ಣಿಯ ಹಗ್ಗ ಬಿಚ್ಚಿಕೊಂಡು ಒಳಗೆ ಬಂದು ಗೂಟಕ್ಕೆ ಹಾಕುತ್ತಿದ್ದರು; ಕೊಂಡವರು ತಂದ ಹೊಸ ಹಗ್ಗದಲ್ಲಿ ಹಸು ಹೋಗುತ್ತಿತ್ತು. ಈ ಸೀಮೆಯಲ್ಲಿ ದನ ಕಟ್ಟಿದ ಯಾವ ಮನೆಯವರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಹೇಳಿಕೊಡಬೇಕಿಲ್ಲದ್ದಕ್ಕೇ ಆ ಎಂಟು ಮನೆಯವರೂ ಕೇಳದೆ ಹಗ್ಗ ತಂದಿದ್ದರು. ಫೋನ್ ಬರಲಿಲ್ಲವೆಂದು ನಾನು ಎರಡು ವರ್ಷ ಬೀಗಿದ್ದು ಬಿಲ್ಲೆಯೇ ಇಲ್ಲದ ನಾಯಿಗಳ ಮೇಲೆ.

"ನಾಯಿ ಏನು ದನವಾ ಅಕ್ಕ?" ಅಂದೆ. ದನಿ ಏರಿತ್ತು.

"ಸಾಕಿದ್ ಮ್ಯಾಲೆ ಎಲ್ಲ ಒಂದೇ ಅಲ್ವಾ" ಅಂದರು ಅವರು. ಅದಾದ ಮೇಲೆ ನನ್ನ ಮುಖ ನೋಡಲಿಲ್ಲ. ನಾನು ಕೆಂಚ ಕಳೆದುಹೋದ ಸುದ್ದಿ ಹೇಳಿ, ಹೇಳಬಾರದ ಒಂದೆರಡು ಮಾತೂ ಸೇರಿಸಿ, ಸ್ಕೂಟರ್ ಹತ್ತಿ ಬಂದುಬಿಟ್ಟೆ.

ಮಾರನೆಯ ದಿನ ಲಸಿಕೆಗೆ ಹೊರಡುವ ಮೊದಲು ಫೈಲ್ ತೆಗೆದೆ. ಕೆಂಚನದು ಬಿಟ್ಟು ಎಂಟು ಫಾರಂ. ಎಂಟರಲ್ಲೂ ಕೊನೆಯ ಸಾಲಿಗೆ ನನ್ನ ಕೈಯಿಂದಲೇ ಗುರುತು. ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಐದು ಮನೆಯಲ್ಲಿ ನಾಯಿ ಚೆನ್ನಾಗಿತ್ತು. ಒಬ್ಬರು ಅದರ ಬೊಗಳುವಿಕೆಯನ್ನೇ ಫೋನಿನಲ್ಲಿ ಕೇಳಿಸಿದರು. ಒಂದು ನಾಯಿಯನ್ನು ಭಾವನ ತೋಟಕ್ಕೆ ಕೊಟ್ಟಿದ್ದರು, ಅದೂ ಕ್ಷೇಮ. ಒಂದು ನಾಯಿ ಹಾವು ಕಚ್ಚಿ ಸತ್ತಿತ್ತು. ಅರಕಲಗೂಡು ಹತ್ತಿರದ ಮನೆಗೆ ಕೊಟ್ಟಿದ್ದ ಬಿಳಿಯ ಹೆಣ್ಣುನಾಯಿ, ಕರೆದುಕೊಂಡು ಹೋದ ಎಂಟನೇ ದಿನವೇ ಕಳೆದುಹೋಗಿತ್ತಂತೆ. ಅದಾಗಿ ವರ್ಷದ ಮೇಲಾಗಿತ್ತು. "ನಿಮಗ್ ಫೋನ್ ಮಾಡಕ್ಕೆ ಮಕ ಇರ್ನಿಲ್ಲ ಕಣವ್ವ. ಎರಡ್ ವಾರ ಉಡುಕುದ್ವಿ" ಅಂದರು ಆ ಮನೆಯಾಕೆ. ನಾನು ಈ ಒಂದು ವರ್ಷದಲ್ಲಿ ಅವರ ಊರಿಗೆ ಮೂರು ಸಲ ಹೋಗಿ ದನಗಳಿಗೆ ಸೂಜಿ ಹಾಕಿದ್ದೆ. ಅವರ ಬೀದಿಯಲ್ಲೇ ಓಡಾಡಿದ್ದೆ.

ಬ್ಯಾಂಕಿನ ಮೇಡಂಗೆ ಫೋನ್ ಮಾಡಿ ಕೆಂಚನ ವಿಷಯ, ಬೆಲ್ಟಿನ ವಿಷಯ ಹೇಳಿದೆ. ಅವರಿಗೆ ಸಿಟ್ಟು ಬಂದದ್ದು ಸಹಜ. "ಇಂಥ ಮೂಢನಂಬಿಕೆ ಇರೋ ಕಡೆ ನಾಯಿ ಬಿಡೋದು ಬೇಡ. ಆ ಗಿರಣಿ ಮನೆ ಸಾಕು ಇನ್ನ, ಬೇರೆ ನೋಡೋಣ" ಅಂದರು. ಹ್ಞೂಂ ಅಂದುಬಿಡುವುದು ಸುಲಭವಿತ್ತು. ದೇಹದಲ್ಲಿ ಶಕ್ತಿ ಇರಲಿಲ್ಲ, ಹದಿನೈದು ದಿನದಿಂದ ಐದು ಗಂಟೆಗೆ ಎದ್ದವಳು. ಹ್ಞೂಂ ಅಂದಿದ್ದರೆ ತಪ್ಪು ಅಕ್ಕನ ಹೆಸರಿನಲ್ಲಿ ಉಳಿಯುತ್ತಿತ್ತು, ಕುಣಿಕೆಯ ತಪ್ಪು ಚನ್ನರಾಯಪಟ್ಟಣದ ಆ ಹೆಂಗಸಿನ ಹೆಸರಿನಲ್ಲಿ. ನಾನು ಶುಭ್ರ.

"ಅವರು ಬಚ್ಚಿಟ್ಟು ಮಾಡಿದ್ದಲ್ಲ ಮೇಡಂ" ಅಂದೆ. "ಎಲ್ಲರೆದುರೇ ಬಿಚ್ಚಿದ್ದಾರೆ. ನಾಯಿ ಮನೆ ಬಿಡೋ ಮೊದಲೇ ಗುರುತು ಹಾಕಿ ಓಡಿಹೋಗ್ತಿದ್ದವಳು ನಾನು. ಒಂದು ಸಲವಾದರೂ ನಿಂತು ಕಳಿಸಿದ್ದಿದ್ರೆ ಗೊತ್ತಾಗ್ತಿತ್ತು. ಬಿಳಿ ನಾಯಿ ಹೋಗಿದ್ದೂ ನನ್ನಿಂದಲೇ."

"ಸರಿ, ಮೊದಲು ಕೆಂಚನ್ನ ಹುಡುಕಿ" ಅಂದು ಮೇಡಂ ಫೋನ್ ಇಟ್ಟರು.

ಶುಕ್ರವಾರ ರಜೆ ಹಾಕಿದೆ. ಬೆಳಿಗ್ಗೆ ಗಿರಣಿ ಶುರುವಾಗುವ ಮೊದಲೇ ಸಾಲಗಾಮೆಗೆ ಹೋದೆ. ಕ್ಷಮೆ ಕೇಳುವ ಅಭ್ಯಾಸ ನನಗೆ ಕಡಿಮೆ. ಬುಧವಾರ ಜಾಸ್ತಿ ಮಾತಾಡಿಬಿಟ್ಟೆ ಅಂದೆ. ಅಕ್ಕ ಕಾಫಿ ಕೊಟ್ಟರು. ನಾನು ಕೆಲಸದ ಮಾತಿಗೆ ಬಂದೆ. "ಅಕ್ಕ, ಇನ್ನು ಮೇಲೆ ಇಲ್ಲಿಗೆ ಬರೋ ನಾಯಿಗೆ ಒಂದು ದಾರದ ಕಣ್ಣಿನೂ ಕಟ್ಟಿ, ಬೆಲ್ಟೂ ಇರಲಿ. ಹೋಗುವಾಗ ಕಣ್ಣಿ ನೀವು ಇಟ್ಕೊಳ್ಳಿ, ಕೊಟ್ಟಿಗೆಗೆ ಇರಲಿ. ಬೆಲ್ಟು ನಿಮ್ಮನೇದಲ್ಲ, ನನ್ನದು. ಅದು ನಾಯಿ ಜೊತೆ ಹೋಗಲಿ."

ಅವರು ಯೋಚಿಸಿದರು. "ಅಂಗಾದ್ರೆ ಆಯ್ತದೆ" ಅಂದರು. "ಅಂಗಂತ ಮೊದ್ಲೇ ಯೋಳಿದ್ರೆ ಆಗಿರಾದು."

"ಕೆಂಚನದು ಇವತ್ತು ಬೇಕಿತ್ತು. ಸಿಕ್ಕಿದರೆ ಹಾಕೋಣ ಅಂತ." ಹೇಳಿದ ಮೇಲೆ ನೆನಪಾಯಿತು. "ಇವತ್ತು ಶುಕ್ರವಾರ, ಅಲ್ವಾ?"

ಅಕ್ಕ ಎದ್ದು ಕೊಟ್ಟಿಗೆಗೆ ಹೋದರು. ಕೆಂಚ ಬಂದ ದಿನ ಅವನನ್ನು ಕಟ್ಟಿದ್ದ ಗೋಣಿದಾರದ ತುಂಡೊಂದನ್ನು ಎಲ್ಲಿಂದಲೋ ಹುಡುಕಿ ಗೂಟಕ್ಕೆ ಹಾಕಿ, ಕೆಂಪು ಬೆಲ್ಟು ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. "ನನ್ ಕೈಯ್ಯಾರ ಬಿಚ್ಚಿದ್ದು. ತಕಂಡೋಗಿ" ಅಂದರು. ವಾರದ ಮಾತು ಎತ್ತಲಿಲ್ಲ.

ಚನ್ನರಾಯಪಟ್ಟಣದಲ್ಲಿ ಆ ದಂಪತಿಗಳ ಮನೆಗೆ ಹೋದಾಗ ಗಂಡ ಮಂಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದರು. ಆಕೆಯ ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಹಾಗೇ ಬಿದ್ದಿತ್ತು. ದಿನಾ ಬೆಳಿಗ್ಗೆ ಮೂರು ಬೀದಿ ನಡೆದು ಕೂಗಿ ಬರುತ್ತಾಳೆ ಎಂದು ಗಂಡನೇ ಹೇಳಿದರು, ಹಂಗಿಸುವ ಹಾಗೆ. ಅವರಿಬ್ಬರ ಎದುರೂ ಬೆಲ್ಟು ತೋರಿಸಿ ನಡೆದದ್ದನ್ನು ಹೇಳಿದೆ. "ಕುಣಿಕೆ ಕಳಚೋದು ಯಾರು ಕಟ್ಟಿದರೂ ಆಗುತ್ತೆ. ಇದು ಕೊರಳಲ್ಲಿದ್ದಿದ್ರೆ ಸೋಮವಾರವೇ ನಾಯಿ ಮನೇಲಿರ್ತಿತ್ತು. ಇಲ್ಲದೇ ಹೋಗಿದ್ದು ನನ್ನ ತಪ್ಪು. ಮೇಲಿಂದ ನಾಲ್ಕು ದಿನ ಸುಮ್ಮನೆ ಕಾಯಿಸಿದೆ."

ಗಂಡ ಮೆಟ್ಟಿದ್ದ ಚಪ್ಪಲಿ ಕಳಚಿದರು. ಬೆಲ್ಟು ಬಿಚ್ಚುವಾಗ ಹೊಸ ಹಗ್ಗ ಹಿಡಿದು ನಿಂತಿದ್ದವರು ಅವರೇ. ಆಕೆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಾನ್ ಗಂಟು ಸರ್ಯಾಗೇ ಆಕಿದ್ದೆ" ಅಂದರು. ನನಗಲ್ಲ, ಗಂಡನಿಗೆ. ಆಮೇಲೆ ಒಳಗೆ ಹೋಗಿ ಸೀರೆ ಸರಿಮಾಡಿಕೊಂಡು ಬಂದು ನನ್ನ ಸ್ಕೂಟರಿನ ಹಿಂದೆ ಕೂತರು.

ಹುಡುಕುವುದಕ್ಕೆ ದೊಡ್ಡ ಉಪಾಯವೇನೂ ಇರಲಿಲ್ಲ. ಕೆಂಚ ಜನ ಇರುವಲ್ಲಿಗೆ ಹೋಗುತ್ತಾನೆ, ತಿನ್ನುವವರ ಮುಂದೆ ಕೂರುತ್ತಾನೆ. ಹಾಗಾಗಿ ಮೋರಿ, ಖಾಲಿ ಸೈಟು ಬಿಟ್ಟು ಹೋಟೆಲು, ಬಸ್‌ಸ್ಟ್ಯಾಂಡ್, ತೆಂಗಿನಕಾಯಿ ಮಾರ್ಕೆಟ್ಟು ಸುತ್ತಿದೆವು. ಫೋಟೊ ತೋರಿಸಿ ತೋರಿಸಿ ಫೋನಿನ ಚಾರ್ಜು ಅರ್ಧಕ್ಕಿಳಿಯಿತು. ಹನ್ನೊಂದರ ಹೊತ್ತಿಗೆ ಹೊಳೆನರಸೀಪುರದ ರಸ್ತೆಯ ಟೀ ಅಂಗಡಿಯವರು ಫೋಟೊವನ್ನು ಹತ್ತಿರ ಹಿಡಿದು ನೋಡಿದರು. "ಕುಂಟ್ತಿತ್ತಲ್ವಾ? ಸೋಮವಾರ ಬೆಳಿಗ್ಗೆ ಇಲ್ಲೇ ಇತ್ತು. ಬಾಳೆಗೊನೆ ಟೆಂಪೋದೋನು ಬನ್ನು ಆಕ್ದ. ಅವನ್ ಇಂದಿಂದೇ ಓಗಿ ಗಾಡಿ ಅತ್ಬುಡ್ತು, ಹೊಳೆನರಸೀಪುರದ್ ಗಾಡಿ. ಕೊಳ್ನಾಗೆ ಏನೂ ಇರ್ನಿಲ್ಲ, ನಾವೂ ಸುಮ್ಕಾದೊ."

ಬಿಸಿಲಿನಲ್ಲಿ ಹೊಳೆನರಸೀಪುರಕ್ಕೆ ಹೋದೆವು. ನನಗೆ ಸೊಂಟ ಹಿಡಿದಿತ್ತು, ಆಕೆಗೆ ಆಸೆ ಹುಟ್ಟಿಬಿಟ್ಟಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಎಳನೀರು ಮಾರುವವರೊಬ್ಬರ ಗಾಡಿಯ ಕೆಳಗೆ, ನೆರಳಿನಲ್ಲಿ, ಕೆಂಚ ಕೂತಿದ್ದ. ಕೊರಳಲ್ಲಿ ಹಳೆಯ ಹಸಿರು ಹಗ್ಗ. ಬಸ್ಸಿಳಿದ ಪ್ರತಿಯೊಬ್ಬರಿಗೂ ಬಾಲ ಆಡಿಸುತ್ತಿದ್ದ. ನಮಗೂ ಆಡಿಸಿದ, ಅಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ನನ್ ಗುರ್ತು ಸಿಕ್ಕಂಗೇ ಇಲ್ವಲ್ಲ ಇದುಕ್ಕೆ" ಅಂದರು ಆಕೆ, ನೆಲದ ಮೇಲೆ ಕೂತು ಅವನ ತಲೆ ತೊಡೆಗೆ ಎಳೆದುಕೊಳ್ಳುತ್ತ. "ಓಗ್ಲಿ ಬುಡಿ. ನಂಗ್ ಗುರ್ತದೆ."

ಎಳನೀರಿನವರಿಗೆ ವಿಷಯ ಹೇಳಿದೆ. ದಿಕ್ಕಿಲ್ಲದ ನಾಯಿ, ಲಾರಿ ಕೆಳಗೆ ಹೋದೀತೆಂದು ಕಟ್ಟಿಕೊಂಡಿದ್ದರಂತೆ. ನಾಲ್ಕು ದಿನ ಮನೆಯಿಂದ ಮುದ್ದೆ ತಂದು ಹಾಕಿದ್ದರು. ಬೇಸರವಾಯಿತೆಂದು ಮುಖದಲ್ಲೇ ಕಂಡಿತು. ಆದರೂ ಬಗ್ಗಿ ಗಂಟು ಬಿಚ್ಚಿದರು. "ಕರ್ಕಂಡೋಗಿ ತಾಯಿ, ನಿಮ್ದೇ ಅಂದ್ಮೇಲೆ. ಅಗ್ಗ ಮಾತ್ರ ಕೊಡಕಿಲ್ಲ" ಅಂದು, ಆ ಹಸಿರು ಹಗ್ಗವನ್ನು ಸುತ್ತಿ ಗಾಡಿಯ ಕೊಂಬಿಗೆ ಸಿಕ್ಕಿಸಿದರು.

ಆಕೆ ನನ್ನ ಮುಖ ನೋಡಿದರು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕರು, ನನಗೂ ನಗು ಬಂತು. ಚೀಲದಿಂದ ಬೆಲ್ಟು ತೆಗೆದು ಕೊಟ್ಟೆ. ಆಕೆಯೇ ಹಾಕಿದರು, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು, ಮೂರು ಸಲ ಜಗ್ಗಿ ನೋಡಿದರು. ಅಲ್ಲಿಯವರೆಗೂ ನಾನು ನಿಂತೇ ಇದ್ದೆ. ಒಂದು ಗೂಡ್ಸ್ ಆಟೊ ಗೊತ್ತುಮಾಡಿ ಇಬ್ಬರನ್ನೂ ಹತ್ತಿಸಿ, ಆಟೊ ತಿರುಗಿದ ಮೇಲೆ ಫಾರಂ ತೆಗೆದು ಕೊನೆಯ ಸಾಲಿನ ಹಳೆಯ ಗುರುತು ಹೊಡೆದುಹಾಕಿ ಹೊಸದಾಗಿ ಹಾಕಿದೆ.

ಮುಂದಿನ ವಾರಗಳಲ್ಲಿ ಉಳಿದ ಆರು ಮನೆಗೂ ಹೋಗಿ ಬೆಲ್ಟು ಹಾಕಿ ಬಂದೆ. ಒಂದೊಂದು ಬೆಲ್ಟಿನ ಬದಲಿಗೆ ಅಕ್ಕ ಗೂಟಕ್ಕೆ ಒಂದೊಂದು ದಾರದ ತುಂಡು ಕಟ್ಟಿದರು. ಈಗ ನನ್ನ ಫೋನಿಗೆ ನಾಯಿಯ ಕರೆಗಳು ಬರುತ್ತವೆ, ಹಸುವಿನ ಕರೆಗಳ ನಡುವೆ. ಹೆಚ್ಚಿನವು ಕೆಂಚನವೇ. "ಮೇಡಂ, ನಿಮ್ ನಾಯಿ ನಮ್ ಅಂಗ್ಡಿ ಮುಂದೆ ಬಂದು ಕೂತದೆ, ಬಂದೋರ್ಗೆಲ್ಲ ಬಾಲ ಆಡುಸ್ತದೆ, ಏನ್ ಮಾಡಾದು?" ಐದು ನಿಮಿಷ ಕೂರಿಸಿಕೊಳ್ಳಿ, ಮನೆಯವರು ಬರುತ್ತಾರೆ ಅನ್ನುತ್ತೇನೆ. ಮೈಯೆಲ್ಲ ಸಗಣಿಯಾಗಿ ಕೈ ತೊಳೆಯಲೂ ಪುರುಸೊತ್ತಿಲ್ಲದಾಗ ಆ ಫೋನ್ ಬಂದರೆ ಸಿಟ್ಟೇ ಬರುತ್ತದೆ. ಆದರೂ ಎತ್ತದೆ ಇರುವುದಿಲ್ಲ.

ಹಾವು ಕಚ್ಚಿ ಸತ್ತ ನಾಯಿಯ ಬೆಲ್ಟನ್ನು ಅಕ್ಕ ಹೊಸದಾಗಿ ಬಂದ ನಾಯಿಗೆ ಹಾಕಿದ್ದಾರೆ. ಬಿಳಿಯ ನಾಯಿಯ ನೀಲಿ ಬೆಲ್ಟು ಮಾತ್ರ ಗೂಟದಲ್ಲಿದೆ. ಅದನ್ನು ಬೇರೆಯದಕ್ಕೆ ಹಾಕಲು ಅವರು ಒಪ್ಪುವುದಿಲ್ಲ, ನಾನೂ ಕೇಳಿಲ್ಲ. ಕೊಟ್ಟಿಗೆಗೆ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಬಿಲ್ಲೆಯ ಮೇಲೆ ಧೂಳು ಕೂರದ ಹಾಗೆ ಯಾರೋ ಒರೆಸಿಟ್ಟಿರುತ್ತಾರೆ, ನನ್ನ ನಂಬರ್ ದೂರದಿಂದಲೇ ಓದಬಹುದು.